ಎರಡನೇ ಚರಣವಿಲ್ಲದ ಹಾಡು

ಕಾಲೇಜಿನಲ್ಲಿ ನಮ್ಮದೊಂದು ಬ್ಯಾಂಡ್ ಇತ್ತು. ನುಡಿಸುತ್ತಿದ್ದದ್ದೆಲ್ಲ ಬೇರೆಯವರ ಹಾಡೇ, ಸ್ವಂತದ್ದು ಅಂತ ಏನೂ ಇರಲಿಲ್ಲ ಬಿಡಿ. ಆ ವರ್ಷದ ಹಿಟ್ ನುಡಿಸಿದರೆ ಜನ ಮೊಬೈಲ್ ನೋಡುತ್ತಾ ಕೂತಿರುತ್ತಿದ್ದರು. 'ಮಿಸ್ಟರ್ ಬ್ರೈಟ್‌ಸೈಡ್' ಶುರುವಾದರೆ ಮಾತ್ರ ನಮ್ಮ ಹಾಡುಗಾರನಿಗೆ ಕೆಲಸವೇ ಇರುತ್ತಿರಲಿಲ್ಲ!

ಲಾಸ್ ವೇಗಸ್‌ನ 'ದಿ ಕಿಲ್ಲರ್ಸ್' ತಂಡ ಇದನ್ನು ಮೊದಲು ಹೊರತಂದದ್ದು 2003ರಲ್ಲಿ. ಹೆಚ್ಚು ಜನರ ಕಿವಿಗೆ ಬೀಳಲಿಲ್ಲ. 2004ರಲ್ಲಿ ಮತ್ತೆ ಬಂದಾಗ ಬ್ರಿಟನ್ನಿನ ಪಟ್ಟಿಯಲ್ಲಿ 10ನೇ ಸ್ಥಾನ, ಅಷ್ಟೇ. ಆದರೆ ಹಾಡು ಸಾಯಲಿಲ್ಲ ನೋಡಿ... ಮತ್ತೆ ಮತ್ತೆ ಪಟ್ಟಿಗೆ ಮರಳುತ್ತಲೇ ಇತ್ತು. ಒಮ್ಮೆಯೂ ಮೊದಲ ಸ್ಥಾನ ಕಾಣದ ಹಾಡುಗಳಲ್ಲಿ ಅಲ್ಲಿ ಅತಿ ಹೆಚ್ಚು ಮಾರಾಟವಾದದ್ದು ಇದೇ ಅಂತ 2024ರಲ್ಲಿ ಲೆಕ್ಕ ಸಿಕ್ಕಿತು.

ಇದರ ಎರಡನೇ ಚರಣ ಮೊದಲನೆಯದೇ! ಬೇರೆ ಸಾಲು ಇರಲಿಲ್ಲ ಅಂತ ಹಾಡುಗಾರ ಬ್ರ್ಯಾಂಡನ್ ಫ್ಲವರ್ಸ್ ಅವರೇ ಹೇಳಿಕೊಂಡಿದ್ದಾರೆ. ಗುಟ್ಟು ಅಲ್ಲೇ ಇದೆ ಅಂತ ನನ್ನ ಅನಿಸಿಕೆ. ಅರ್ಧ ಕಲಿತವನಿಗೆ ಪೂರ್ತಿ ಹಾಡು ಬಂದ ಹಾಗೆ.

ಜರ್ನಿ ತಂಡದ 'ಡೋಂಟ್ ಸ್ಟಾಪ್ ಬಿಲೀವಿನ್' ಕೂಡ 1981ರಲ್ಲಿ ಅಮೆರಿಕದ ಪಟ್ಟಿಯಲ್ಲಿ 9ನೇ ಸ್ಥಾನ ದಾಟಲಿಲ್ಲ. 2007ರಲ್ಲಿ 'ದಿ ಸೊಪ್ರಾನೋಸ್' ಧಾರಾವಾಹಿಯ ಕೊನೆಯ ದೃಶ್ಯದಲ್ಲಿ ಬಂತು, ಹೊಸ ತಲೆಮಾರು ಹಿಡಿದುಕೊಂಡಿತು.

ಮುಂದೆ ಯಾವುದು ಉಳಿಯುತ್ತೆ? ಕಂಪ್ಯೂಟರಿನಲ್ಲಿ ಪದರದ ಮೇಲೆ ಪದರ ಜೋಡಿಸಿದ ಹಾಡುಗಳು ನನಗೂ ಇಷ್ಟ, ಆದರೆ ನಾಲ್ಕು ಜನರ ಬ್ಯಾಂಡಿಗೆ ದಕ್ಕುವುದಿಲ್ಲ, ಅದೇ ಬೇಜಾರು. ನನ್ನ ಬಾಜಿ ಅಡೆಲ್ ಅವರ 'ಸಮ್‌ವನ್ ಲೈಕ್ ಯೂ' (2011) ಮೇಲೆ. ಒಂದು ಪಿಯಾನೊ, ಒಂದು ಕಂಠ. ಪಲ್ಲವಿಯ ಎತ್ತರದ ಸ್ವರ ನಮ್ಮ ಹಾಡುಗಾರನಿಗೆ ಯಾವತ್ತೂ ಸಿಗಲಿಲ್ಲ. ಎದುರಿಗೆ ಕೂತವರೇ ಎತ್ತಿಕೊಳ್ಳುತ್ತಿದ್ದರು.