ದಂತ ಇಂಪ್ಲಾಂಟ್ ಸ್ಥಿರತೆಯ ಮಾಪನ

ದವಡೆಯ ಮೂಳೆಯಲ್ಲಿ ಕೂರಿಸಿದ ಟೈಟಾನಿಯಂ ತಿರುಪು (ಇಂಪ್ಲಾಂಟ್) ಎಷ್ಟು ಗಟ್ಟಿಯಾಗಿ ನಿಂತಿದೆಯೆಂದು ಅಳೆಯುವ ವಿಧಾನ. ಕೂರಿಸಿದ ಕ್ಷಣದ ಬಿಗಿ ಪ್ರಾಥಮಿಕ ಸ್ಥಿರತೆ. ಮೂಳೆ ಬೆಳೆದು ಲೋಹಕ್ಕೆ ಬೆಸೆದುಕೊಂಡಾಗ ಬರುವುದು ದ್ವಿತೀಯಕ. ಮೊದಲನೆಯದು ಇಳಿದು ಎರಡನೆಯದು ಇನ್ನೂ ಬಲಿಯದ 3–4ನೆಯ ವಾರ ನಾಜೂಕಿನದು. ಈ ಬೆಸುಗೆಯನ್ನು ಗುರುತಿಸಿದ ಸ್ವೀಡನ್ನಿನ ಬ್ರೊನೆಮಾರ್ಕ್ 1965ರಲ್ಲಿ ಮೊದಲ ರೋಗಿಗೆ ಇಂಪ್ಲಾಂಟ್ ಅಳವಡಿಸಿದರು. ಸ್ಥಿರತೆ ತಿಳಿಯಲು ತಟ್ಟಿ ನೋಡುವುದು, ತಿರುಚುಬಲ ಅಳೆಯುವುದು ಹಳೆಯ ಕ್ರಮಗಳು. ನೀಲ್ ಮೆರೆಡಿತ್ ಮತ್ತು ಸಂಗಡಿಗರು 1996ರಲ್ಲಿ ವಿವರಿಸಿದ ಅನುರಣನ ಆವೃತ್ತಿ ವಿಶ್ಲೇಷಣೆ ಅವುಗಳಿಗಿಂತ ಸೂಕ್ಷ್ಮ. ಅದರ ಈಗಿನ ರೂಪದಲ್ಲಿ ಇಂಪ್ಲಾಂಟಿಗೆ ತಿರುಗಿಸಿದ ಪುಟ್ಟ ಕಡ್ಡಿಯ ತುದಿಯಲ್ಲಿ ಅಯಸ್ಕಾಂತವಿರುತ್ತದೆ. ಉಪಕರಣ ಅದನ್ನು ಮುಟ್ಟದೆಯೇ ಕಂಪಿಸುವಂತೆ ಮಾಡಿ, ಆ ಕಂಪನದ ಆವೃತ್ತಿಯನ್ನು 1ರಿಂದ 100ರೊಳಗಿನ ಐಎಸ್‌ಕ್ಯೂ (ಇಂಪ್ಲಾಂಟ್ ಸ್ಥಿರತೆಯ ಸೂಚ್ಯಂಕ) ಅಂಕವಾಗಿ ತೋರಿಸುತ್ತದೆ. 60ಕ್ಕಿಂತ ಕಡಿಮೆಯಾದರೆ ದುರ್ಬಲ, 70 ಮೀರಿದರೆ ಭದ್ರ. ಒಂಟಿ ಅಂಕಕ್ಕಿಂತ ಕೂರಿಸಿದ ದಿನದ ಅಂಕದೊಂದಿಗಿನ ಹೋಲಿಕೆಯೇ ಮುಖ್ಯ. ಕೃತಕ ಹಲ್ಲು ತೊಡಿಸುವ ದಿನ ನಿರ್ಧಾರವಾಗುವುದು ಅದರಿಂದ.