ಜೇನು ಸಾಂಕುಲೆ ಹೆರಟವಕ್ಕೆ ರಜ್ಜ ಹಳೆ ಕತೆ

ಮೊನ್ನೆ ಒಂದು ಪೂಜೆ ಮನೆಲಿ ಉಂಡಿಕ್ಕಿ ಕೈತೊಳವಗ ನೆರೆಕರೆಯ ಸಣ್ಣ ಪ್ರಾಯದ ಸೊಸೆ ಒಂದು ಎನ್ನ ಹತ್ತರೆ ಬಂದು ಮೆಲ್ಲಂಗೆ ಕೇಳಿತ್ತು, "ಅತ್ತೆ, ಎನಗೂ ಎರಡು ಪೆಟ್ಟಿಗೆ ಜೇನು ಮಡುಗೆಕ್ಕು ಹೇಳಿ ಆಶೆ. ಎಲ್ಲಿಂದ ಸುರು ಮಾಡೆಕ್ಕು?" ಅದರ ಅತ್ತೆಯೂ ಅಲ್ಲೇ ನಿಂದಿತ್ತಿದ್ದವು. "ಅದೆಲ್ಲ ನಮ್ಮ ಮನೆಲಿ ಬಾಳ್ತಿಲ್ಲೆ ಮಗಳೊ, ಮದಲೊಂದರಿ ಮಡಗಿ ಎಲ್ಲ ಸತ್ತೇ ಹೋಯಿದು" ಹೇಳಿದವು. ಕೂಸಿನ ಮೋರೆ ಸಣ್ಣ ಆತು.

ಆ ಮಾತು ಕೇಳಿಯಪ್ಪಗ ಎನಗೆ ಮೂವತ್ತು ವರ್ಷ ಹಿಂದಾಣದ್ದು ನೆಂಪಾತು. ಪೆಟ್ಟಿಗೆಗೆ ಎಷ್ಟು ಪೈಸೆ, ಎಲ್ಲಿ ಸಿಕ್ಕುತ್ತು ಹೇಳಿ ಆರು ಬೇಕಾರೂ ಹೇಳುಗು. ಆದರೆ ಈ ಪೆಟ್ಟಿಗೆ ನಮ್ಮ ಜಾಲಕರೆಗೆ ಹೇಂಗೆ ಬಂತು, ಬಂದದು ಎಂತಕೆ ಕಾಲಿ ಆತು, ಪುನಾ ಹೇಂಗೆ ತುಂಬಿತ್ತು ಹೇಳುವ ಕತೆ ಗೊಂತಿದ್ದರೆ ಹೊಸತ್ತಾಗಿ ಸುರು ಮಾಡುವವಕ್ಕೆ ಅರ್ಧ ಕೆಲಸ ಆದ ಹಾಂಗೆ. ಹಾಂಗಾಗಿ ಇದರ ಬರವಲೆ ಕೂದೆ.

ಜೇನು ನವಗೆ ಹೊಸತ್ತಲ್ಲ. ಪಂಚಾಮೃತಕ್ಕೆ ಬೇಕು, ಮದುವೆಲಿ ಮಧುಪರ್ಕಕ್ಕೆ ಬೇಕು, ಮಕ್ಕೊಗೆ ಸೆಮ್ಮ ಬಂದರೆ ಶುಂಠಿ ಎಸರಿಂಗೆ ಬೇಕು. ಆದರೆ ಮದಲಿಂಗೆ ಅದು ಕಾಡಿಂದ ತಪ್ಪ ವಸ್ತು. ಮಧ್ಯಪ್ರದೇಶದ ಹೊಡೆಲಿ ಬಂಡೆಗಳ ಮೇಗೆ ಸಾವಿರಾರು ವರ್ಷ ಹಿಂದಾಣವು ಬರದ ಚಿತ್ರಂಗಳಲ್ಲಿಯೂ ಜೇನು ಕೊಯ್ವ ಮನುಷ್ಯರು ಇದ್ದವು.

ನಮ್ಮ ಊರಿಲ್ಲಿ ನಾಕು ನಮುನೆಯ ಜೇನು ಎಲ್ಲೋರಿಂಗೂ ಗೊಂತಿಪ್ಪದೇ. ಎತ್ತರದ ಮರಲ್ಲಿ, ಬಂಡೆಲಿ ಒಂದೇ ದೊಡ್ಡ ಎರಿ ಕಟ್ಟುವ ಹೆಜ್ಜೇನು. ಬಲ್ಲೆಲಿ ಸಣ್ಣ ಒಂದು ಎರಿ ಕಟ್ಟುವ ಕೋಲುಜೇನು. ಗೋಡೆ ಸಂದಿಲಿ ಕೂಪ, ಕುತ್ತದ್ದ ಮುಜಂಟಿ. ಮತ್ತೆ ಮರದ ಪೊಟರೆಲಿ, ಹುತ್ತಲ್ಲಿ ಸಾಲಿಂಗೆ ಸುಮಾರು ಎರಿ ಕಟ್ಟುವ ತುಡುವೆ. ಹೆಜ್ಜೇನು, ಕೋಲುಜೇನು ಎರಡೂ ಬೆಣಚ್ಚಿಲಿ ಇಪ್ಪ ಜಾತಿ, ಪೆಟ್ಟಿಗೆಲಿ ಕೂರ. ಮುಜಂಟಿಯ ಈಗ ಸಾಂಕುತ್ತವು, ಅದರ ಲೆಕ್ಕ ಬೇರೆ. ತುಡುವೆ ಕತ್ತಲೆ ಜಾಗೆಲಿ ಸಂಸಾರ ಮಾಡುವ ಕಾರಣ ಪೆಟ್ಟಿಗೆಗೆ ಒಗ್ಗಿತ್ತು. ಹೊಸತ್ತಾಗಿ ಸುರು ಮಾಡುವವು ಕಲಿಯೆಕ್ಕಾದ ಸುರುವಾಣ ಪಾಠ ಇದು: ಎಲ್ಲ ಜೇನೂ ಸಾಂಕುವ ಜೇನಲ್ಲ.

ಪೆಟ್ಟಿಗೆ ಬಪ್ಪ ಮದಲು ತುಡುವೆಗೆ ಮಣ್ಣಿನ ಮಡಕೆ ಮಡುಗುವ ಕ್ರಮ ಇತ್ತು. ಮಡಕೆಗೆ ಒಂದು ಸಣ್ಣ ಒಟ್ಟೆ, ಬಾಯಿಗೆ ಮುಚ್ಚಲು, ಒಳ ರಜ್ಜ ಮೇಣ ಉದ್ದಿ ಮಡಗಿರೆ ಪಾಲಾಗಿ ಹೆರಟ ಹುಳುಗೊ ಬಂದು ಕೂರುಗು. ಕೂದಪ್ಪಗ ಕೊಶಿಯೇ. ಆದರೆ ಜೇನು ಬೇಕಾರೆ ಹೊಗೆ ಹಾಕಿ, ಎರಿಯ ಕೊಯ್ದು ಹಿಂಡೆಕ್ಕು. ಮೊಟ್ಟೆ, ಮರಿ, ಹೂಗಿನ ಹೊಡಿ ಎಲ್ಲ ಒಟ್ಟಿಂಗೇ ಹಿಂಡಿ ಹೋಕು. ಒಂದು ಕುಪ್ಪಿ ಜೇನಿಂಗೆ ಒಂದು ಸಂಸಾರವೇ ಹಾಳು. ಒಳುದ ಹುಳುಗೊ ಮನೆ ಬಿಟ್ಟು ಹಾರಿ ಹೋಕು. ಪ್ರತಿ ವರ್ಷ ಪುನಾ ಸುರುವಿಂದ ಸುರು.

ಈ ಕಷ್ಟ ನವಗೆ ಮಾಂತ್ರ ಇದ್ದದಲ್ಲ. ಯುರೋಪಿಲ್ಲಿ ಹುಲ್ಲಿನ ಬುಟ್ಟಿಲಿ ಸಾಂಕಿಂಡಿತ್ತಿದ್ದವು, ಅಲ್ಲಿಯೂ ಜೇನು ತೆಗವಗ ಎರಿಯ ಕೊಯ್ದು ಹಾಳು ಮಾಡುದೇ. ಗೂಡಿನ ಒಳ ಎಂತ ಆವ್ತು ಹೇಳಿ ಸರಿಯಾಗಿ ನೋಡ್ಲೆ ದಾರಿ ಮಾಡಿದವರಲ್ಲಿ ಒಬ್ಬರು ಜಿನೀವಾದ ಫ್ರಾನ್ಸ್ವಾ ಹ್ಯೂಬರ್. ಅವಕ್ಕೆ ಜವ್ವನಲ್ಲಿಯೇ ಕಣ್ಣು ಹೋಗಿತ್ತು! ಮೇರಿ ಲುಲಿನ್ ಹೇಳುವ ಕೂಸು ಅವರನ್ನೇ ಮದುವೆ ಆವ್ತೆ ಹೇಳಿತ್ತು, ಅದರ ಅಪ್ಪ ಒಪ್ಪಿದವಿಲ್ಲೆ. ಕಾನೂನಿನ ಪ್ರಾಯ ತುಂಬುವ ಒರೆಗೆ ಕಾದು ಕೂದು ಅವರನ್ನೇ ಮದುವೆ ಆತು. ಮತ್ತೆ ಜೀವನ ಇಡೀ ಅವರ ಕೆಲಸಲ್ಲಿ ಜೊತೆಗೆ ನಿಂದತ್ತು. ಬುರ್ನೆನ್ಸ್ ಹೇಳುವ ಮನೆ ಕೆಲಸದವ ಹುಳುಗಳ ನೋಡಿ ನೋಡಿ ಹೇಳುದು, ಹ್ಯೂಬರ್ ಯೋಚನೆ ಮಾಡಿ ಇನ್ನೊಂದು ಪ್ರಶ್ನೆ ಕೇಳುದು. ಪುಸ್ತಕದ ಹಾಳೆ ಮಗುಚಿದ ಹಾಂಗೆ ಒಂದೊಂದೇ ಎರಿಯ ಬಿಡುಸಿ ನೋಡುವ ಗೂಡು ಮಾಡಿದವು. ರಾಣಿ ಗೂಡಿನ ಹೆರ, ಆಕಾಶಲ್ಲಿ ಹಾರಿಂಡು ಗೆಂಡು ನೊಣಂಗಳೊಟ್ಟಿಂಗೆ ಕೂಡ್ತು ಹೇಳಿ ಪರೀಕ್ಷೆ ಮಾಡಿ ತೋರ್ಸಿದವು. 1792ರಲ್ಲಿ ಅವರ ಪುಸ್ತಕ ಬಂತು. ಕಣ್ಣು ಕಾಣದ್ದ ಒಬ್ಬ ಮನುಷ್ಯ, ಒಂದು ಹೆಂಡತಿ, ಒಬ್ಬ ಕೆಲಸದವ — ಇಡೀ ಲೋಕಕ್ಕೆ ಜೇನುಗೂಡಿನ ಒಳ ತೋರ್ಸಿದ್ದು ಈ ಮೂರು ಜೆನ.

ಮತ್ತಾಣ ದೊಡ್ಡ ಸಂಗತಿ ಅಮೇರಿಕದ್ದು. ಲಾಂಗ್‌ಸ್ಟ್ರಾತ್ ಹೇಳುವ ಪಾದ್ರಿ 1851ರಲ್ಲಿ ಒಂದು ಸಣ್ಣ ವಿಷಯವ ಗಮನಿಸಿದವು. ಚೌಕಟ್ಟಿಂಗೂ ಪೆಟ್ಟಿಗೆಯ ಗೋಡೆಗೂ ನಡೂಕೆ ಸಂದು ಹೆಚ್ಚಿದ್ದರೆ ಹುಳುಗೊ ಅಲ್ಲಿಯೂ ಎರಿ ಕಟ್ಟುತ್ತು. ತೀರಾ ಕಮ್ಮಿ ಇದ್ದರೆ ಮರದ ಅಂಟು ತಂದು ಮುಚ್ಚುತ್ತು. ಸುಮಾರು ಒಂದು ಇಂಚಿನ ಎಂಟರಲ್ಲಿ ಮೂರು ಪಾಲು ಬಿಟ್ಟರೆ ಎರಡೂ ಮಾಡ್ತಿಲ್ಲೆ, ಓಡಾಡುವ ದಾರಿ ಹೇಳಿ ಬಿಡ್ತು. ಅಷ್ಟೇ. ಆ ಸಂದು ಗೊಂತಾದ ಮೇಲೆ ಚೌಕಟ್ಟಿನ ಅಂಟದ್ದೆ ಮೇಗೆ ನೆಗ್ಗುಲೆ, ನೋಡಿ ಪುನಾ ಮಡುಗುಲೆ ಎಡಿಗಾತು. 1865ರಲ್ಲಿ ಹ್ರುಷ್ಕಾ ಹೇಳುವವು ತಿರುಗುಸಿ ಜೇನು ತೆಗವ ಯಂತ್ರ ಮಾಡಿದವು. ಎರಿ ಹಿಂಡುವ ಕೆಲಸವೇ ಇಲ್ಲೆ. ಜೇನು ನವಗೆ, ಕಾಲಿ ಎರಿ ಪುನಾ ಹುಳುವಿಂಗೆ. ಅಲ್ಲಿಗೆ ಜೇನು ಕೊಯ್ವದು ಹೋಗಿ ಜೇನು ಸಾಂಕುದು ಹೇಳಿ ಆತು.

ನಮ್ಮ ದೇಶಲ್ಲಿ ಡಗ್ಲಸ್ ಹೇಳುವ ಆಂಗ್ಲ ಅಧಿಕಾರಿ 1884ರಲ್ಲಿಯೇ ಒಂದು ಕೈಪಿಡಿ ಬರದಿತ್ತಿದ್ದವು. ಆದರೆ ಯುರೋಪಿನ ಹುಳುವಿನ ಅಳತೆಯ ದೊಡ್ಡ ಪೆಟ್ಟಿಗೆ ನಮ್ಮ ತುಡುವೆಗೆ ಆಗ. ನಮ್ಮ ಹುಳು ಸಣ್ಣ, ಸಂಸಾರವೂ ಸಣ್ಣ. ನಾಕು ಜೆನರ ಮನೆಗೆ ಛತ್ರ ಕಟ್ಟಿ ಕೊಟ್ಟರೆ ಉಡುಗುವದು ಆರು? ಎಡಿಯದ್ದ ಜಾಗೆಲಿ ಮೇಣದ ಹುಳು ಸೇರಿ ಎರಿ ಇಡೀ ಬಲೆ ಕಟ್ಟುಗು. 1911ರಿಂದ 1917ರ ನಡೂಕೆ ದಕ್ಷಿಣ ಭಾರತಲ್ಲಿ ಫಾದರ್ ನ್ಯೂಟನ್ ಹೇಳುವ ಪಾದ್ರಿ ತುಡುವೆಯ ಅಳತೆಗೆ ಸರಿಯಾದ ಸಣ್ಣ ಪೆಟ್ಟಿಗೆ ಮಾಡಿ ಹಳ್ಳಿಯವಕ್ಕೆ ಕಲಿಶಿದವು. ನಾವು ಈಗಳೂ "ನ್ಯೂಟನ್ ಪೆಟ್ಟಿಗೆ" ಹೇಳುದು ಅವರ ಹೆಸರಿಲ್ಲಿಯೇ. ಸೇಬು ಬಿದ್ದ ನ್ಯೂಟನ್ ಅಲ್ಲ!

1928ರಲ್ಲಿ ಕೃಷಿಯ ರಾಯಲ್ ಕಮಿಷನ್ನು ಜೇನು ಸಾಂಕಾಣಿಕೆ ಹಳ್ಳಿಯವಕ್ಕೆ ಒಳ್ಳೆ ಉಪಕಸುಬು ಹೇಳಿತ್ತು. 1934ರಲ್ಲಿ ಗಾಂಧೀಜಿ ವಾರ್ಧಾಲ್ಲಿ ಗ್ರಾಮೋದ್ಯೋಗ ಸಂಘ ಸುರು ಮಾಡಿಯಪ್ಪಗ ಜೇನು ಕೂಡಾ ಅದರ ಲೆಕ್ಕಕ್ಕೆ ಸೇರಿತ್ತು. 1936ರಲ್ಲಿ ಕೊಡಗಿನ ವಿರಾಜಪೇಟೆಲಿ ಜೇನು, ಮೇಣದವರ ಸಹಕಾರಿ ಸಂಘ ಆತು. ಪುತ್ತೂರಿಲ್ಲಿಯೂ ಜೇನು ವ್ಯವಸಾಯಗಾರರ ಸಂಘ ಬಂತು. ಅಂಬಗ ನಮ್ಮ ಜಿಲ್ಲೆ ಮದ್ರಾಸು ಪ್ರಾಂತ್ಯಕ್ಕೆ ಸೇರಿದ್ದು, ಕೊಡಗು ಬೇರೆಯೇ ಪ್ರಾಂತ್ಯ. ಸಂಘ ಇಪ್ಪ ಕಾರಣ ಪೆಟ್ಟಿಗೆ ಸಿಕ್ಕಿತ್ತು, ಜೇನಿಂಗೆ ಕ್ರಯ ಸಿಕ್ಕಿತ್ತು. ಅಜ್ಜಂದ್ರು ಅಡಕ್ಕೆ ತೋಟದ ಕರೆಲಿ ಕಲ್ಲುಕಂಬ ಹುಗುದು ಪೆಟ್ಟಿಗೆ ಮಡಗಿದವು. 1957ರಲ್ಲಿ ಖಾದಿ ಗ್ರಾಮೋದ್ಯೋಗ ಆಯೋಗ, 1962ರಲ್ಲಿ ಪುಣೆಲಿ ಜೇನಿನ ಕೇಂದ್ರ ಸಂಶೋಧನಾ ಸಂಸ್ಥೆ ಆತು.

ಪುಸ್ತಕಲ್ಲಿ ಕಾಂಬ ಹೆಸರೆಲ್ಲ ಗೆಂಡುಮಕ್ಕಳದ್ದೇ. ಆದರೆ ನಮ್ಮ ಮನೆಗಳಲ್ಲಿ ಪೆಟ್ಟಿಗೆ ಕಾಲಿನ ಗೆರಟೆಗೆ ನೀರು ಎರವದು ಆರು? ಮಳೆಗಾಲಲ್ಲಿ ಶೆಕ್ಕರೆ ನೀರು ಕಾಸಿ ಮಡುಗುದು ಆರು? ಕುಪ್ಪಿ ತೊಳದು ಒಣಗ್ಸಿ ಜೇನು ತುಂಬುಸುದು, ಮೇಣ ಕರಗ್ಸಿ ಸೋಸುದು ಆರು?

ಆನು ಮದುವೆ ಆಗಿ ಬಪ್ಪಗ ಎಂಗಳಲ್ಲಿ ಮಾವಂಗೆ ಹನ್ನೆರಡು ಪೆಟ್ಟಿಗೆ ಇತ್ತು. ಶೆಕ್ಕರೆ ನೀರಿನ ಕೆಲಸ ಎನಗೆ ಬಂತು. 1992. ಒಂದು ದಿನ ಉದಿಯಪ್ಪಗ ಹೋಗಿ ನೋಡಿರೆ ಪೆಟ್ಟಿಗೆಯ ಬಾಗಿಲಿನ ಎದುರು ಸತ್ತ ಮರಿಗೊ ಬಿದ್ದಿತ್ತು. ಚೌಕಟ್ಟು ನೆಗ್ಗಿ ನೋಡಿರೆ ಎರಿಯ ಮನೆಗಳಲ್ಲಿ ಮರಿಗೊ ತಲೆ ಮೇಗೆ ಮಾಡಿ ಉದ್ದಕೆ ಸತ್ತಿದವು. ತೆಗದರೆ ನೀರು ತುಂಬಿದ ಸಣ್ಣ ಚೀಲದ ಹಾಂಗೆ. ಒಂದರಿಂದ ಇನ್ನೊಂದು ಪೆಟ್ಟಿಗೆಗೆ ಹೋತು. ಕೆಲವು ಸಂಸಾರ ಸತ್ತತ್ತು, ಕೆಲವು ಬಿಟ್ಟು ಹಾರಿತ್ತು. ಹನ್ನೆರಡರಲ್ಲಿ ಒಂದೂ ಒಳುದ್ದಿಲ್ಲೆ. ಮಾವ ಎಂತದೂ ಹೇಳಿದವಿಲ್ಲೆ, ಪೆಟ್ಟಿಗೆಗಳ ತೊಳದು ಅಟ್ಟಕ್ಕೆ ಹಾಕಿದವು. ಆದರೆ ಮನೆಗೆ ಬಂದ ನೆಂಟರಲ್ಲಿ ಆರೋ ಹೇಳಿದವು, "ಶೆಕ್ಕರೆ ನೀರು ಹುಳಿ ಬಂದಿಕ್ಕು." ಇನ್ನೊಬ್ಬರು, "ಹೊಸ ಕೈ ಮುಟ್ಟಿದ್ದಲ್ಲದೊ" ಹೇಳಿದವು. ಆನು ಅಡಿಗೆಕೋಣೆಲಿ ಇತ್ತಿದ್ದೆ, ಎನಗೆ ಕೇಳಿತ್ತು. ಸುಮಾರು ವರ್ಷ ಅದು ಎನ್ನ ಕೈಂದಲೇ ಆದ್ದು ಹೇಳಿ ಗ್ರೇಶಿಂಡಿತ್ತಿದ್ದೆ. ಅಟ್ಟಕ್ಕೆ ಹತ್ತಿ ಆ ಪೆಟ್ಟಿಗೆ ಕಂಡರೆ ಮೋರೆ ತಿರುಗ್ಸಿಂಡು ಇಳಿವದು.

ಮತ್ತೆ ಒಂದರಿ ಊರಿಲ್ಲಿ ಜೇನಿನ ಬಗ್ಗೆ ಮಾಹಿತಿ ಶಿಬಿರ ಇತ್ತು. ಬಂದ ಮಾಸ್ಟ್ರು ಹೇಳಿದವು: ಅದು ಥಾಯ್ ಸ್ಯಾಕ್‌ಬ್ರೂಡ್ ಹೇಳುವ ವೈರಸ್ ರೋಗ. 1976ರಲ್ಲಿ ಥಾಯ್ಲೆಂಡಿಲ್ಲಿ ಮದಲು ಕಂಡದು, ನಮ್ಮ ದೇಶದ ಈಶಾನ್ಯಂದ ಉತ್ತರಕ್ಕೆ ಹರಡಿ, 1991-92ರಲ್ಲಿ ಕೇರಳ, ಕರ್ನಾಟಕ, ತಮಿಳುನಾಡಿಂಗೆ ಬಂತು. ದಕ್ಷಿಣಲ್ಲಿ ಪೆಟ್ಟಿಗೆಲಿ ಇದ್ದ ತುಡುವೆ ಸಂಸಾರಂಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತಲೂ ಹೆಚ್ಚು ಹೋಯಿದು. ಅದಕ್ಕೆ ಮದ್ದೂ ಇಲ್ಲೆ. ಆನು ಕುರ್ಶಿಲಿ ಕೂದಲ್ಲೇ ಕೂದೆ. ಮೂರು ರಾಜ್ಯದ ಜೇನು ಸತ್ತದು ಎನ್ನ ಒಂದು ಗ್ಲಾಸು ಶೆಕ್ಕರೆ ನೀರಿಂದ ಅಲ್ಲನ್ನೆ! ಮನೆಗೆ ಬಂದು ಅತ್ತೆ ಹತ್ತರೆ ಹೇಳಿದೆ. ಅವು ರಜ್ಜ ಹೊತ್ತು ಸುಮ್ಮನೆ ಕೂದು, "ಅಂಬಗಳೇ ಗೊಂತಿದ್ದರೆ ನಿನ್ನ ಆ ಮಾತು ಕೇಳುಸುಲೆ ಬಿಡ್ತಿತ್ತಿಲ್ಲೆ" ಹೇಳಿದವು. ಎನಗೆ ಅಷ್ಟೇ ಸಾಕಾತು.

ರೋಗ ಬಂದ ಮೇಲೆ ಎಲ್ಲವೂ ಮುಗುದ್ದಿಲ್ಲೆ. ಕಾಡಿನ ಪೊಟರೆಲಿ, ಅಲ್ಲಿ ಇಲ್ಲಿ ಒಳುದ ಸಂಸಾರಂಗೊ ಇತ್ತು. ರೋಗ ತಡಕ್ಕೊಂಡ ಆ ಹುಳುಗಳಿಂದಲೇ ಮೆಲ್ಲಂಗೆ ಪುನಾ ಪೆಟ್ಟಿಗೆ ತುಂಬಿತ್ತು. ಉತ್ತರಲ್ಲಿ 1962ರಿಂದಲೇ ಯುರೋಪಿನ ಹುಳುವಿನ ಸಾಂಕುತ್ತವು, ಅದು ಜೇನು ಜಾಸ್ತಿ ಕೊಡ್ತು. ಆದರೆ ನಮ್ಮ ಮಳೆ, ನಮ್ಮ ತೋಟ, ನಮ್ಮ ಹೂಗಿಂಗೆ ಹೊಂದಿ ಬಂದದು ತುಡುವೆಯೇ. ಎಂಗಳ ಅಟ್ಟದ ಪೆಟ್ಟಿಗೆಗಳಲ್ಲಿ ನಾಕು ಈಗ ಪುನಾ ಜಾಲಕರೆಲಿ ಇದ್ದು.

ಈ ಕತೆಂದ ಸುರು ಮಾಡುವವಕ್ಕೆ ಎಂತ ಸಿಕ್ಕುತ್ತು ಹೇಳಿ ಒಂದೊಂದಾಗಿ ಹೇಳ್ತೆ.

ಸುರುವಿಂಗೆ ಒಂದಲ್ಲ, ಎರಡು ಪೆಟ್ಟಿಗೆ ಮಡುಗಿ. ಒಂದರಲ್ಲಿ ಎಂತಾರು ಹೆಚ್ಚುಕಮ್ಮಿ ಆದರೆ ಇನ್ನೊಂದರ ನೋಡಿ ಗೊಂತಾವ್ತು. ಹತ್ತು ಪೆಟ್ಟಿಗೆ ಒಟ್ಟಿಂಗೆ ತಪ್ಪದು ಬೇಡ. ಮಳೆಗಾಲಲ್ಲಿ ಸುರು ಮಾಡ್ಲಾಗ. ಮಳೆ ಬಿಟ್ಟ ಮೇಲೆ ಹುಳುಗೊ ಹೆಚ್ಚಿ ಪಾಲಪ್ಪ ಕಾಲ ಬತ್ತು, ಅಂಬಗ ಒಳ್ಳೆದು. ಹಳೆ ಪೆಟ್ಟಿಗೆ ಆದರೆ ಚೆಂದಕೆ ಕೆರಸಿ, ತೊಳದು, ಬೆಶಿಲಿಂಗೆ ಮಡಗಿಯೇ ಉಪಯೋಗ್ಸೆಕ್ಕು. ಹುಳು ತಪ್ಪ ಮದಲು ಚೌಕಟ್ಟು ನೆಗ್ಗಿ ಮರಿಗಳ ನೋಡಿ. ಮರಿ ಬೆಳಿ, ಹೊಳವ ಹಾಂಗೆ, ಸುರುಳಿ ಸುತ್ತಿ ಮನುಗಿದ್ದರೆ ಒಳ್ಳೆ ಆರೋಗ್ಯ. ಚೀಲದ ಹಾಂಗೆ ಇದ್ದರೆ ಧರ್ಮಕ್ಕೆ ಕೊಟ್ಟರೂ ಬೇಡ.

ಪೆಟ್ಟಿಗೆ ಮಡುಗುಲೆ ಉದಿಯಪ್ಪಗಾಣ ಬೆಶಿಲು ಬಿದ್ದು ಮಧ್ಯಾಹ್ನ ನೆರಳು ಬಪ್ಪ ಜಾಗೆ ಅಕ್ಕು. ಕಾಲಿಂಗೆ ನೀರಿನ ಗೆರಟೆ ಇರಲಿ, ಎರುಗು ಹತ್ತಿರೆ ಒಂದೇ ಇರುಳಿಲ್ಲಿ ಸಂಸಾರ ಬಿಟ್ಟು ಹೋಕು. ವಾರಕ್ಕೊಂದರಿ ಮುಚ್ಚಲು ತೆಗದು ನೋಡಿ, ಆದರೆ ದಿನಾ ತೆಗವದು ಬೇಡ. ಹೊಸ ಮದಿಮ್ಮಾಳಿನ ಕೋಣೆಯ ಬಾಗಿಲು ದಿನಾ ತೆಗದು ನೋಡಿರೆ ಅದಕ್ಕಾದರೂ ಹೇಂಗಕ್ಕು? ಹುಳು ಕುತ್ತಿರೆ ಉಗುರಿಲ್ಲಿ ಕೆರಸಿ ಮುಳ್ಳು ತೆಗೆಯೆಕ್ಕು. ಮೈ ಇಡೀ ತೊರುಸಿ ಉಸುಲು ಕಟ್ಟಿದ ಹಾಂಗೆ ಆದರೆ ಮಾಂತ್ರ ಕಾವದು ಬೇಡ, ಡಾಕ್ಟ್ರ ಹತ್ತರೆ ಓಡೆಕ್ಕು.

ತೆಂಗಿಂದ, ಅಡಕ್ಕೆ ಹೂಗಿಂದ ಹೊಡಿ ಸಿಕ್ಕುತ್ತು. ರಬ್ಬರಿನ ಎಳತ್ತು ಎಲೆ ಬಪ್ಪಗ ಜೇನು ಸಿಕ್ಕುತ್ತು. ಬೇಸಗೆಲಿ ಮೇಗಾಣ ಕೋಣೆದು ನವಗೆ, ಕೆಳಾಣ ಸಂಸಾರದ ಕೋಣೆದು ಹುಳುವಿಂಗೆ. ಅದರ ಮುಟ್ಟುಲಾಗ. ಮಡಕೆ ಕಾಲದ ತಪ್ಪು ಪುನಾ ಮಾಡಿದ ಹಾಂಗಕ್ಕು. ಮಳೆಗಾಲಲ್ಲಿ ಶೆಕ್ಕರೆ ಒಂದು ಪಾಲು, ನೀರು ಒಂದು ಪಾಲು ಮಾಡಿ ಹೊತ್ತೋಪಗ ಕೊಡಿ. ರಜ್ಜ ರಜ್ಜವೇ, ಅಂದಂದಿಂಗೆ ಮುಗಿವಷ್ಟು. ನಾವು ಅದರದ್ದು ತೆಗದ ಮೇಲೆ ಅದರ ಹಶುವಿಂಗೆ ಕೊಡುದು ಋಣ, ಉಪಕಾರ ಅಲ್ಲ.

ಮತ್ತೆ ಆ ಕೂಸಿಂಗೆ: ನೀನು ಧೈರ್ಯಲ್ಲಿ ಸುರು ಮಾಡು. ನಿನ್ನ ಅತ್ತೆ ಹೇಳಿದ್ದು ಲೊಟ್ಟೆ ಅಲ್ಲ, ಅವು ಕಣ್ಣಾರೆ ಕಂಡದು. ಆದರೆ ಅಂಬಗ ಸತ್ತದು ಆ ಮನೆಲಿ ಬಾಳದ್ದೆ ಅಲ್ಲ, ಆರ ಕೈಗುಣಂದಲೂ ಅಲ್ಲ, ರೋಗಂದ. ಅವರನ್ನೂ ಪೆಟ್ಟಿಗೆ ಹತ್ತರೆ ಕರಕ್ಕೊಂಡು ಹೋಗಿ ಈ ಕತೆ ಹೇಳು. ಹುಳು ಬೇಕಾದರೆ ಎಂಗಳಲ್ಲಿಗೆ ಬಾ. ಮಳೆ ಬಿಟ್ಟಪ್ಪಗ ಎಂಗಳಲ್ಲಿ ಒಂದು ಸಂಸಾರ ಪಾಲಕ್ಕು. ಅದು ನಿನಗೆ. ಸುರುವಾಣ ಜೇನು ತೆಗದಪ್ಪಗ ಒಂದು ಚಮಚ ನಿನ್ನ ಅತ್ತೆ ಕೈಗೇ ಹಾಕು.