ಕಯಾಕ್ ಹಾಯಿ

ಕಯಾಕ್ ಹಾಯಿ ಎಂಬುದು ಎರಡು ತುದಿಯ ಹುಟ್ಟಿನಿಂದ ನಡೆಸುವ ಕಿರಿದಾದ ದೋಣಿಯಾದ ಕಯಾಕಿಗೆ ಗಾಳಿಯ ಬಲವನ್ನು ಬಳಸಿಕೊಳ್ಳುವ ಸಲುವಾಗಿ ಅಳವಡಿಸುವ ಸಣ್ಣ ಹಾಯಿ. ದೂರದ ಪಯಣದಲ್ಲಿ ತೋಳುಗಳಿಗೆ ಬಿಡುವು ಕೊಡುವುದು ಹಾಗೂ ವಿನೋದ ಇದರ ಮುಖ್ಯ ಉದ್ದೇಶಗಳು. ಕಯಾಕಿನಲ್ಲಿ ಹಾಯಿಯು ಹುಟ್ಟಿಗೆ ಸಹಾಯಕವೇ ಹೊರತು ಅದರ ಬದಲಿಯಲ್ಲ; ಹಾಯಿಗೆಂದೇ ಕಟ್ಟಿದ ದೋಣಿಗೂ ಇದಕ್ಕೂ ಇರುವ ಮೂಲಭೂತ ವ್ಯತ್ಯಾಸ ಇದು.

ಕಾರ್ಯವಿಧಾನ

ಹಾಯಿದೋಣಿಗಳ ತಳದಿಂದ ನೀರಿನೊಳಕ್ಕೆ ಇಳಿದಿರುವ ಹಲಗೆಯು ದೋಣಿ ಪಕ್ಕಕ್ಕೆ ಸರಿಯದಂತೆ ತಡೆಯುತ್ತದೆ. ದೊಡ್ಡ ಹಾಯಿದೋಣಿಗಳಲ್ಲಿ ಅದರ ಭಾರವೇ ವಾಲಿದ ದೋಣಿಯನ್ನು ಮತ್ತೆ ನೆಟ್ಟಗೆ ನಿಲ್ಲಿಸುತ್ತದೆ. ಕಯಾಕಿನ ತಳದಲ್ಲಿ ಅಂತಹ ಹಲಗೆ ಇಲ್ಲ, ಅಗಲವೂ ಕಡಿಮೆ. ಆದ್ದರಿಂದ ಪಕ್ಕದಿಂದ ಬೀಸುವ ಗಾಳಿ ಅದನ್ನು ಮುಂದಕ್ಕೆ ತಳ್ಳುವುದಕ್ಕಿಂತ ಮೊದಲು ವಾಲಿಸುತ್ತದೆ. ಸಾಮಾನ್ಯ ಕಯಾಕಿಗೆ ಹಿಂದಿನಿಂದ ಅಥವಾ ಹಿಂದಿನ ಓರೆಯಿಂದ ಬರುವ ಗಾಳಿಯೇ ಅನುಕೂಲ. ಪಕ್ಕದ ಗಾಳಿಯಲ್ಲಿ ಸಾಗಬೇಕಾದರೆ ದೋಣಿಯ ಪಕ್ಕಕ್ಕೆ ಇಳಿಬಿಡುವ ಹಲಗೆ, ಚುಕ್ಕಾಣಿ, ಸಮತೋಲಕ್ಕೆ ಪಕ್ಕತೇಲುಗಳು ಬೇಕಾಗುತ್ತವೆ. ಇವೆಲ್ಲವನ್ನೂ ಜೋಡಿಸಿದ ಮೇಲೆ ಕಯಾಕಿನ ಹಗುರ ಮತ್ತು ಸರಳತೆ ಬಹುಮಟ್ಟಿಗೆ ಕಳೆದುಹೋಗುತ್ತವೆ.

ಗಾಳಿಯ ಒತ್ತಡವು ಅದರ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 12 ಕಿ.ಮೀ. ವೇಗದ ಗಾಳಿ 24 ಕಿ.ಮೀ.ಗೆ ಏರಿದಾಗ ಹಾಯಿಯ ಮೇಲಿನ ಬಲ ನಾಲ್ಕು ಪಟ್ಟಾಗುತ್ತದೆ. ದೋಣಿಯ ವೇಗ ಮಾತ್ರ ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. ನೀರಿನ ಮಟ್ಟದಲ್ಲಿ 5 ಮೀಟರ್ ಉದ್ದವಿರುವ ಕಯಾಕ್ ಗಂಟೆಗೆ ಸುಮಾರು 10 ಕಿ.ಮೀ. ತಲುಪಿದ ಬಳಿಕ ತಾನೇ ಎಬ್ಬಿಸಿದ ಅಲೆಯ ತಡೆಗೆ ಸಿಲುಕುತ್ತದೆ. ಹೀಗಾಗಿ ದೊಡ್ಡ ಹಾಯಿ ಕಟ್ಟುವುದರಿಂದ ದೊರೆಯುವ ಲಾಭ ಅಲ್ಪ, ಒದಗುವ ಅಪಾಯ ಹೆಚ್ಚು. ಒಬ್ಬರು ಕೂರುವ ಕಯಾಕಿಗೆ ಒಂದು ಚದರ ಮೀಟರಿನ ಆಸುಪಾಸಿನ ಹಾಯಿ ಸಾಕೆಂಬುದು ರೂಢಿಯಲ್ಲಿರುವ ಅಳತೆ.

ಅಳವಡಿಕೆ

ಸರಳವಾದ ಬಗೆಯೆಂದರೆ ಮುಂಭಾಗದಲ್ಲಿ ಬಿಚ್ಚಿಕೊಳ್ಳುವ ದುಂಡಗಿನ ಅಥವಾ ಇಂಗ್ಲಿಷಿನ ‘ವಿ’ ಅಕ್ಷರದಾಕಾರದ ಹಾಯಿ. ಇದು ಹಿಂಗಾಳಿಗೆ ಹೇಳಿಸಿದ್ದು. ಇನ್ನೊಂದು ಬಗೆಯಲ್ಲಿ ಕೂರುವ ಜಾಗದ ಮುಂದೆ ಗಿಡ್ಡನೆಯ ಕೂವೆಮರವನ್ನು ಮಡಚಬಲ್ಲ ಬುಡದ ಮೇಲೆ ನಿಲ್ಲಿಸಿ, ಹಗ್ಗಗಳಿಂದ ಮೂರು ದಿಕ್ಕಿಗೆ ಬಿಗಿಯಲಾಗುತ್ತದೆ. ಕೂವೆಮರದ ಬುಡದ ಕೆಳಗೆ, ದೋಣಿಯ ಒಳಬದಿಯಲ್ಲಿ, ಆಸರೆ ಹಲಗೆ ಕೊಡದಿದ್ದರೆ ತೆಳುವಾದ ಪ್ಲಾಸ್ಟಿಕ್ ಅಥವಾ ಫೈಬರ್ ಮೇಲ್ಮೈ ಬಿರುಕು ಬಿಡುತ್ತದೆ. ಹಾಯಿಯನ್ನು ಹಿಡಿದಿಡುವ ಹಗ್ಗವನ್ನು ಗಂಟು ಹಾಕಿ ಕಟ್ಟಬಾರದು. ಒಂದೇ ಎಳೆತಕ್ಕೆ ಬಿಡುಗಡೆಯಾಗುವ ಹಿಡಿಕೆಯಲ್ಲಿ ಸಿಕ್ಕಿಸಬೇಕು. ಕುಳಿತಲ್ಲಿಂದಲೇ, ಒಂದೇ ಕೈಯಲ್ಲಿ ಹಾಯಿಯನ್ನು ಇಳಿಸಲಾಗದಿದ್ದರೆ ಆ ಅಳವಡಿಕೆಯು ಅಪೂರ್ಣ.

ಇತಿಹಾಸ

ಸ್ಕಾಟಿಷ್ ಮೂಲದ ಜಾನ್ ಮ್ಯಾಕ್‌ಗ್ರೆಗರ್ 1865ರಲ್ಲಿ ‘ರಾಬ್ ರಾಯ್’ ಎಂಬ ಪುಟ್ಟ ದೋಣಿಯಲ್ಲಿ ಹುಟ್ಟು ಮತ್ತು ಹಾಯಿ ಎರಡನ್ನೂ ಬಳಸಿ ಯೂರೋಪಿನ ನದಿ, ಸರೋವರಗಳಲ್ಲಿ ಸಂಚರಿಸಿದನು. ಮರುವರ್ಷ ಪ್ರಕಟವಾದ ಆತನ ಪ್ರವಾಸಕಥನವು ಈ ಹವ್ಯಾಸವನ್ನು ಜನಪ್ರಿಯಗೊಳಿಸಿತು. ಮುಂದೆ ಜರ್ಮನಿಯ ಮಡಚುವ ಕಯಾಕುಗಳು ಹಾಯಿಯೊಡನೆ ಸಾಗರಕ್ಕಿಳಿದವು. 1928ರಲ್ಲಿ ಫ್ರಾಂಟ್ಸ್ ರೋಮರ್ ಅಂತಹ ದೋಣಿಯಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟಿದನಾದರೂ, ಅಲ್ಲಿಂದ ನ್ಯೂಯಾರ್ಕಿನತ್ತ ಹೊರಟವನು ಮತ್ತೆ ಪತ್ತೆಯಾಗಲಿಲ್ಲ. 1956ರಲ್ಲಿ ಅದೇ ಸಾಗರವನ್ನು 72 ದಿನಗಳಲ್ಲಿ ದಾಟಿದ ವೈದ್ಯ ಹಾನೆಸ್ ಲಿಂಡೆಮನ್, ದಾರಿಯಲ್ಲಿ ದೋಣಿ ಮಗುಚಿದಾಗ ಅದರ ಬೆನ್ನಿಗೆ ಅಂಟಿಕೊಂಡು ಇರುಳು ಕಳೆಯಬೇಕಾಯಿತು.

ಭಾರತದ ಮಟ್ಟಿಗೆ ಗಮನಾರ್ಹನಾದವನು ಆಸ್ಕರ್ ಸ್ಪೆಕ್. ಆರ್ಥಿಕ ಕುಸಿತದಲ್ಲಿ ಕಸುಬು ಕಳೆದುಕೊಂಡ ಈ ಜರ್ಮನ್ ವಿದ್ಯುತ್ ಕುಶಲಕರ್ಮಿ 1932ರಲ್ಲಿ ಉಲ್ಮ್ ನಗರದಿಂದ, ಪುಟ್ಟ ಹಾಯಿಯುಳ್ಳ ಮಡಚುವ ಕಯಾಕಿನಲ್ಲಿ ಡ್ಯಾನ್ಯೂಬ್ ನದಿಗುಂಟ ಹೊರಟನು. ಸೈಪ್ರಸ್ಸಿನ ತಾಮ್ರದ ಗಣಿಗಳಲ್ಲಿ ಕೆಲಸ ಹುಡುಕುವುದು ಆತನ ಮೊದಲ ಗುರಿಯಾಗಿತ್ತು. ಆದರೆ ಪಯಣ ಅಲ್ಲಿಗೆ ನಿಲ್ಲದೆ ಪರ್ಷಿಯನ್ ಕೊಲ್ಲಿ ಮತ್ತು ಭಾರತದ ಪಶ್ಚಿಮ ಕರಾವಳಿಯ ಮೂಲಕ ಸಿಂಹಳದವರೆಗೆ, ಅಲ್ಲಿಂದ ಪೂರ್ವ ಕರಾವಳಿಯ ಗುಂಟ ಬರ್ಮಾದತ್ತ ಮುಂದುವರಿಯಿತು. ಇಂದಿನ ಕರ್ನಾಟಕದ ಕಡಲಂಚು ಈ ದಾರಿಯಲ್ಲೇ ಬರುತ್ತದೆ. 1939ರ ಸೆಪ್ಟೆಂಬರಿನಲ್ಲಿ ಆತ ಆಸ್ಟ್ರೇಲಿಯದ ಉತ್ತರದ ದ್ವೀಪಗಳನ್ನು ತಲುಪುವ ವೇಳೆಗೆ ಮಹಾಯುದ್ಧ ಆರಂಭವಾಗಿತ್ತು. ಶತ್ರುದೇಶದವನೆಂದು ಆತನನ್ನು ಬಂಧನದಲ್ಲಿಡಲಾಯಿತು.

ಕರ್ನಾಟಕದಲ್ಲಿ

ಕರಾವಳಿಯಲ್ಲಿ ಹಾಯಿ ಹೊಸದಲ್ಲ. ಪತ್ತೇಮಾರಿ, ಮಚ್ವೆಗಳಂತಹ ನೌಕೆಗಳು ಹಾಯಿಯನ್ನೇ ನಂಬಿದ್ದವು. ಯಂತ್ರಗಳು ಬರುವ ಮೊದಲು ಮೀನುಗಾರರು ನಸುಕಿನ ನೆಲಗಾಳಿಯಲ್ಲಿ ಕಡಲಿಗಿಳಿದು ಮಧ್ಯಾಹ್ನದ ಕಡಲಗಾಳಿಯಲ್ಲಿ ದಡಕ್ಕೆ ಮರಳುತ್ತಿದ್ದರು. ಕಯಾಕಿಗೂ ಇದೇ ಲೆಕ್ಕಾಚಾರ ಅನ್ವಯಿಸುತ್ತದೆ: ದಡದತ್ತ ಬೀಸುವ ಗಾಳಿ ಮಿತ್ರ, ದಡದಿಂದ ಹೊರಕ್ಕೆ ಬೀಸುವ ಗಾಳಿ ಅಪಾಯಕಾರಿ. ಯಾಂತ್ರಿಕ ಮೀನುಗಾರಿಕೆಗೂ ನಿಷೇಧವಿರುವ ಜೂನ್, ಜುಲೈ ತಿಂಗಳುಗಳಲ್ಲಿ ಕಯಾಕನ್ನು ತೆರೆದ ಕಡಲಿಗೆ ಇಳಿಸುವುದು ಸಲ್ಲದು.

ಒಳನಾಡಿನ ಸ್ಥಿತಿ ಬೇರೆ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಹೊಸಕೋಟೆ ತಾಲ್ಲೂಕಿನಲ್ಲಿರುವ ಪಿಲ್ಲಗುಂಪೆಯಂತಹ ಬಯಲುಸೀಮೆಯ ಊರುಗಳಿಗೆ ಹತ್ತಿರದ ನೀರೆಂದರೆ ಕೆರೆ. ಆಷಾಢದ ಪಡುವಣ ಗಾಳಿ ಇಲ್ಲಿ ಜೋರಾಗಿದ್ದರೂ, ಆ ವೇಳೆಗೆ ಅನೇಕ ಕೆರೆಗಳಲ್ಲಿ ನೀರು ತಳ ಹಿಡಿದಿರುತ್ತದೆ. ಕೆರೆ ತುಂಬುವುದು ಸಾಮಾನ್ಯವಾಗಿ ಹಿಂಗಾರಿನ ಹೊತ್ತಿಗೆ. ಆಗ ಗಾಳಿ ಮೂಡಣಕ್ಕೆ ತಿರುಗಿ ಸೌಮ್ಯವಾಗುತ್ತದೆ. ಕಲಿಯುವವರಿಗೆ ಇದೇ ಹದವಾದ ಕಾಲ. ಆದರೆ ತುಂಬಿದ ಕೆರೆಯ ಅಂಗಳದಲ್ಲಿ ಮುಳುಗಿರುವ ಜಾಲಿಮರಗಳು, ಮೀನಿನ ಬಲೆಗಳು ಮತ್ತು ಜೊಂಡು ಚುಕ್ಕಾಣಿಗೆ ಸಿಲುಕುತ್ತವೆ. ತೂಬಿನ ಬಳಿ ಹಾಗೂ ಹರಿಯುತ್ತಿರುವ ಕೋಡಿಯ ಬಳಿ ಸೆಳೆತವಿರುತ್ತದೆ. ಚಳಿಗಾಲದ ವಲಸೆ ಹಕ್ಕಿಗಳು ಹಾಯಿಯ ಚಲನೆಗೆ ಬೆದರಿ ಏಳುವುದರಿಂದ ಅವು ತಂಗಿರುವ ಭಾಗವನ್ನು ಬಿಟ್ಟು ಸಾಗಬೇಕು. ಕೆರೆಯಾಗಲಿ ಜಲಾಶಯವಾಗಲಿ, ಅದರ ಉಸ್ತುವಾರಿ ಹೊತ್ತ ಇಲಾಖೆ ಅಥವಾ ಸ್ಥಳೀಯ ಸಂಸ್ಥೆಯ ಅನುಮತಿ ಪಡೆದೇ ದೋಣಿ ಇಳಿಸಬೇಕು.

ಮಗುಚಿದಾಗ

ಹಾಯಿಯಿಲ್ಲದ ಕಯಾಕ್ ಮಗುಚಿದರೆ ಪಳಗಿದವರು ಹುಟ್ಟಿನ ಒಂದು ಬೀಸಿನಿಂದ ಅದನ್ನು ಮತ್ತೆ ಎಬ್ಬಿಸಬಲ್ಲರು. ಹಾಯಿ ನೀರಿಗೆ ಬಿದ್ದರೆ ಆ ಕೌಶಲ ಫಲಿಸುವುದು ಕಷ್ಟ. ಬಟ್ಟೆಯ ಮೇಲೆ ನಿಂತ ನೀರು ದೋಣಿಯನ್ನು ಏಳಗೊಡುವುದಿಲ್ಲ. ಮೊದಲು ಹಾಯಿಯ ಹಗ್ಗವನ್ನು ಬಿಡಬೇಕು, ಬಳಿಕ ದೋಣಿಯನ್ನು ತಿರುವಬೇಕು. ಯಾವ ಹಗ್ಗವನ್ನೂ ಸೊಂಟಕ್ಕಾಗಲಿ ಮಣಿಕಟ್ಟಿಗಾಗಲಿ ಸುತ್ತಿಕೊಳ್ಳಬಾರದು. ತೊಡಕಿಕೊಂಡ ಹಗ್ಗವನ್ನು ಕೊಯ್ಯಲು ಚಾಕು ಕೈಗೆಟುಕುವಂತಿರಬೇಕು. ಈಜು ಬಲ್ಲವರೂ ಜೀವರಕ್ಷಕ ಜಾಕೆಟ್ ತೊಡುವುದು ಅವಶ್ಯ. ಏಕೆಂದರೆ ಸವಾರ ಕೆಳಗೆ ಬಿದ್ದ ಮೇಲೂ ಹಾಯಿ ನಿಂತೇ ಇದ್ದರೆ, ಖಾಲಿ ಕಯಾಕ್ ಈಜುಗಾರನಿಗಿಂತ ವೇಗವಾಗಿ ಗಾಳಿಯೊಂದಿಗೆ ದೂರ ಸರಿಯುತ್ತದೆ. ಹೊಸಬರು ಹಾಯಿ ಬಿಚ್ಚುವ ಮೊದಲೇ, ಎದೆಮಟ್ಟದ ನೀರಿನಲ್ಲಿ, ಜೊತೆಗೊಬ್ಬರನ್ನು ಇಟ್ಟುಕೊಂಡು ಕಯಾಕನ್ನು ಬೇಕೆಂದೇ ಮಗುಚಿ ಅಭ್ಯಾಸ ಮಾಡುವುದು ವಾಡಿಕೆ.